ಭರಮಸಾಗರ ಹೋಬಳಿ: ಮುಂದಿನ ಕ್ಷೇತ್ರ ಮರುವಿಂಗಡಣೆಗೆ ಆಕ್ಷೇಪಣೆ ಸಿದ್ಧ ಮಾಡಿಕೊಳ್ಳುವುದು ಹೇಗೆ?

ಕೆರೆಏರಿ:

ಭರಮಸಾಗರ ಹೋಬಳಿ ಚಿತ್ರದುರ್ಗ ತಾಲ್ಲೂಕಿನದು. ಪಹಣಿ, ಪೋಡಿ, ಪಿಂಚಣಿ ಎಲ್ಲಕ್ಕೂ ನಮ್ಮ ಹಳ್ಳಿಗಳವರು ಹೋಗುವುದು ಚಿತ್ರದುರ್ಗದ ತಾಲ್ಲೂಕು ಕಚೇರಿಗೆ. ಓಟು ಮಾತ್ರ ಹೊಳಲ್ಕೆರೆ ಕ್ಷೇತ್ರಕ್ಕೆ. ಹೆದ್ದಾರಿ 48ರ ಮೇಲಿರುವ ಊರಿಗೆ ಒಂದು ಕಡೆ ಚಿತ್ರದುರ್ಗ, ಇನ್ನೊಂದು ಕಡೆ ದಾವಣಗೆರೆ, ಎರಡಕ್ಕೂ ನೇರ ಬಸ್ಸಿದೆ. ಹೊಳಲ್ಕೆರೆ ಇರುವುದು ಶಿವಮೊಗ್ಗ ರಸ್ತೆಯಲ್ಲಿ. 2008ಕ್ಕೆ ಮುಂಚೆ ಭರಮಸಾಗರ ಎಂಬ ಹೆಸರಿನಲ್ಲೇ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರವಿತ್ತು, ಅದನ್ನು ತೆಗೆದರು.

ಮುಂದಿನ ಮರುವಿಂಗಡಣೆ (ಜನಗಣತಿ ನೋಡಿ ಕ್ಷೇತ್ರಗಳ ಗಡಿಯನ್ನು ಮತ್ತೆ ಎಳೆಯುವುದು) ಬಂದಾಗ ಊರೂರಿನಿಂದ ಮನವಿ ಹೋಗಬೇಕು ಅನ್ನುವವರು ಇಲ್ಲಿ ಬಹಳ ಜನ ಇದ್ದಾರೆ. ಆದರೆ ಯಾರಿಗೆ ಬರೆಯಬೇಕು, ಏನು ಬರೆದರೆ ಓದುತ್ತಾರೆ, ಏನು ಬರೆದರೆ ಬುಟ್ಟಿಗೆ ಹೋಗುತ್ತದೆ ಅನ್ನುವುದು ಸ್ಪಷ್ಟವಿಲ್ಲ. ನಮ್ಮ ಕ್ಷೇತ್ರ ಹೋದದ್ದು ರಾಜಕೀಯದಿಂದಲೋ, ಲೆಕ್ಕದಿಂದಲೋ? ಒಂದು ತಾಲ್ಲೂಕನ್ನು ಒಡೆಯದೆ ಒಂದೇ ಕ್ಷೇತ್ರದಲ್ಲಿ ಇಡಿ ಎಂದು ಕೇಳಲು ಕಾನೂನಿನಲ್ಲಿ ಜಾಗ ಇದೆಯೇ? ತಿಳಿದವರು ವಿವರವಾಗಿ ಬರೆಯಿರಿ.

ನಕ್ಷೆಗಣಿತ:

ಮೊದಲು ಲೆಕ್ಕ ನೋಡೋಣ. ನಿಮ್ಮ ಕ್ಷೇತ್ರ ಏಕೆ ಹೋಯಿತು ಎಂಬುದಕ್ಕೆ ಮುಕ್ಕಾಲು ಉತ್ತರ ಅಲ್ಲೇ ಸಿಗುತ್ತದೆ.

ಕಳೆದ ಮರುವಿಂಗಡಣೆ ನಡೆದದ್ದು 2002ರ ಕಾಯ್ದೆಯ ಕೆಳಗೆ, ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗದಿಂದ, 2001ರ ಜನಗಣತಿ ಇಟ್ಟುಕೊಂಡು. ರಾಜ್ಯದ ಒಟ್ಟು ಸ್ಥಾನ 224 ಎಂಬುದನ್ನು ಮುಟ್ಟುವ ಹಾಗಿರಲಿಲ್ಲ. ರಾಜ್ಯದ ಜನಸಂಖ್ಯೆ 5.28 ಕೋಟಿ. ಅದನ್ನು 224ರಿಂದ ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸುಮಾರು 2.36 ಲಕ್ಷ. ಆಯೋಗ ಜಿಲ್ಲೆಯನ್ನು ಘಟಕವಾಗಿ ಹಿಡಿದು, ಜಿಲ್ಲೆಗೆ ಎಷ್ಟು ಸ್ಥಾನ ಎಂದು ಮೊದಲು ತೀರ್ಮಾನಿಸಿ, ಆಮೇಲೆ ಒಳಗೆ ಗೆರೆ ಎಳೆಯಿತು.

ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ ಆಗ ಸುಮಾರು 15.2 ಲಕ್ಷ. 2.36ರಿಂದ ಭಾಗಿಸಿದರೆ 6.4 ಬರುತ್ತದೆ, ಅಂದರೆ 6. ಅದಕ್ಕೆ ಮುಂಚೆ ಇದ್ದದ್ದು 7: ಮೊಳಕಾಲ್ಮೂರು, ಚಳ್ಳಕೆರೆ, ಹಿರಿಯೂರು, ಚಿತ್ರದುರ್ಗ, ಭರಮಸಾಗರ, ಹೊಳಲ್ಕೆರೆ, ಹೊಸದುರ್ಗ. ಒಂದು ಹೋಗಲೇಬೇಕಿತ್ತು. ಇದರಲ್ಲಿ ತಾಲ್ಲೂಕು ಕೇಂದ್ರವಲ್ಲದ ಹೆಸರು ಭರಮಸಾಗರ ಒಂದೇ ಎಂಬುದನ್ನು ಗಮನಿಸಿ. ದಾವಣಗೆರೆ ಜಿಲ್ಲೆಯದು 17.9 ಲಕ್ಷ, ಭಾಗಿಸಿದರೆ 7.6, ಅಂದರೆ 8. ಅಲ್ಲಿ 7 ಇದ್ದದ್ದು 8 ಆಯಿತು. ದಾವಣಗೆರೆ ಪಟ್ಟಣ ಉತ್ತರ, ದಕ್ಷಿಣ ಎಂದು ಎರಡಾದದ್ದು ಹೀಗೆ.

ಇನ್ನೊಂದು ಅಂಶವನ್ನು ನಿಮ್ಮ ಊರಿನವರಿಗೆ ಈಗಲೇ ಹೇಳಿಡಿ. 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಶೇ 15ಕ್ಕೂ ಹೆಚ್ಚು ಬೆಳೆಯಿತು. ಚಿತ್ರದುರ್ಗ ಬೆಳೆದದ್ದು ಶೇ 9ರ ಆಸುಪಾಸು, ದಾವಣಗೆರೆ ಇನ್ನೂ ಸ್ವಲ್ಪ ಕಡಿಮೆ. ಬೆಂಗಳೂರು ನಗರ ಜಿಲ್ಲೆ ಸುಮಾರು ಶೇ 47. 2011ರ ಅಂಕಿಯನ್ನೇ 224ಕ್ಕೆ ಹಂಚಿದರೆ ಸರಾಸರಿ 2.73 ಲಕ್ಷ, ಬೆಂಗಳೂರು ನಗರ ಜಿಲ್ಲೆಗೆ ಈಗಿರುವ 28ರ ಬದಲು 35 ಬರುತ್ತದೆ. ಅಷ್ಟು ಸ್ಥಾನ ಬರುವುದು ನಮ್ಮಂಥ ಜಿಲ್ಲೆಗಳಿಂದಲೇ. ಚಿತ್ರದುರ್ಗ 6.1 ಆಗಿ ಹೇಗೋ 6 ಉಳಿಸಿಕೊಳ್ಳುತ್ತದೆ. ದಾವಣಗೆರೆಯಿಂದ ಹರಪನಹಳ್ಳಿ ತಾಲ್ಲೂಕಿನ ಸುಮಾರು 3 ಲಕ್ಷ ಹೊರಹೋದ ಮೇಲೆ ಉಳಿದದ್ದು 16.4 ಲಕ್ಷ, ಅಂದರೆ ಲೆಕ್ಕಕ್ಕೆ 6. ಇವತ್ತು ಅಲ್ಲಿ ಹರಪನಹಳ್ಳಿ ಬಿಟ್ಟು 7 ಕ್ಷೇತ್ರಗಳಿವೆ. ಹೊಸ ಜನಗಣತಿ ಬಂದಾಗ ಅಂಕಿ ಬದಲಾಗುತ್ತದೆ, ಒಟ್ಟು ಸ್ಥಾನವೂ ಹೆಚ್ಚಬಹುದು. ಆದರೆ ರಾಜ್ಯದ ಸರಾಸರಿಗಿಂತ ನಿಧಾನ ಬೆಳೆಯುವ ಜಿಲ್ಲೆಯ ಪಾಲು ಕುಗ್ಗುತ್ತದೆ ಅನ್ನುವುದು ಬದಲಾಗುವುದಿಲ್ಲ. ಹಾಗಾಗಿ "ಹಳೇ ಭರಮಸಾಗರ ಕ್ಷೇತ್ರ ವಾಪಸ್ ಕೊಡಿ" ಎಂಬ ಬೇಡಿಕೆಗೆ ಲೆಕ್ಕದ ಬಲ ಇಲ್ಲ. "ಹೋಬಳಿಯನ್ನು ಅದರ ತಾಲ್ಲೂಕಿನ ಜೊತೆ ಇಡಿ" ಎಂಬುದಕ್ಕೆ ಇದೆ. ಕೇಳುವುದಾದರೆ ಎರಡನೆಯದನ್ನು ಕೇಳಿ.

ಅರಸೀಕೆರೆ ಹೋಬಳಿ:

ತಾಲ್ಲೂಕು ಒಂದು, ಕ್ಷೇತ್ರ ಇನ್ನೊಂದು ಆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಹೋಬಳಿಗಿಂತ ದೊಡ್ಡ ಉದಾಹರಣೆ ಬೇಡ. ಇದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ. ತಾಲ್ಲೂಕು ಹರಪನಹಳ್ಳಿ, ಜಿಲ್ಲೆ ವಿಜಯನಗರ, ವಿಧಾನಸಭೆಗೆ ಜಗಳೂರು, ಲೋಕಸಭೆಗೆ ದಾವಣಗೆರೆ. ಶಾಸಕರು ಕೂರುವುದು ಒಂದು ಜಿಲ್ಲೆಯಲ್ಲಿ, ಕಡತ ಇರುವುದು ಇನ್ನೊಂದರಲ್ಲಿ.

ಹೀಗಾದದ್ದಕ್ಕೆ ಕಾರಣ ಒಂದು ತಾರೀಖು. 2008ರ ಮರುವಿಂಗಡಣೆ ಆದೇಶದಲ್ಲಿ ಬರುವ ಜಿಲ್ಲೆ, ತಾಲ್ಲೂಕು, ಹೋಬಳಿ ಎಲ್ಲವೂ 2004ರ ಫೆಬ್ರುವರಿ 15ರಂದು ಹೇಗಿದ್ದವೋ ಹಾಗೆ ಎಂದು ಅರ್ಥ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಬಳ್ಳಾರಿಯಿಂದ ಬಂದ ಹರಪನಹಳ್ಳಿ ಆ ದಿನಕ್ಕೆ ದಾವಣಗೆರೆಯಲ್ಲೇ ಇತ್ತು. ಆಮೇಲೆ ತಾಲ್ಲೂಕು ಬಳ್ಳಾರಿಗೆ ಮರಳಿ, ಅಲ್ಲಿಂದ ಹೊಸ ವಿಜಯನಗರ ಜಿಲ್ಲೆಗೆ ಹೋಯಿತು. ಕ್ಷೇತ್ರದ ಗೆರೆ ಒಂದು ಇಂಚೂ ಸರಿಯಲಿಲ್ಲ. ಸರ್ಕಾರ ಜಿಲ್ಲೆ ಬದಲಿಸಬಹುದು, ತಾಲ್ಲೂಕು ಹುಟ್ಟಿಸಬಹುದು, ಗ್ರಾಮ ಪಂಚಾಯ್ತಿ ಒಡೆಯಬಹುದು. ಕ್ಷೇತ್ರದ ಗಡಿ ಅದರ ಹಿಂದೆ ಬರುವುದಿಲ್ಲ. ಚುನಾವಣಾ ಆಯೋಗಕ್ಕೂ ಆದೇಶದಲ್ಲಿನ ಅಚ್ಚಿನ ತಪ್ಪು, ಬದಲಾದ ಹೆಸರು ತಿದ್ದುವಷ್ಟೇ ಅಧಿಕಾರ. ಹಳ್ಳಿಯೊಂದನ್ನು ಈಚೆಯಿಂದ ಆಚೆಗೆ ಹಾಕಿ ಎಂದು ನಡುವೆ ಅರ್ಜಿ ಕೊಡುವುದು ವ್ಯರ್ಥ.

ದಿನನಿತ್ಯದ ತೊಂದರೆ ಎಲ್ಲಿ ಬರುತ್ತದೆ ಎಂದರೆ, ಶಾಸಕರು ಅಧ್ಯಕ್ಷರಾಗಿರುವ ಸಮಿತಿಗಳಲ್ಲಿ. ಬಗರ್‌ಹುಕುಂ ಸಮಿತಿ (ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿ ಸಕ್ರಮ ಮಾಡುವುದು), ಆಶ್ರಯ ಸಮಿತಿ (ವಸತಿ ಯೋಜನೆಯದು), ತಾಲ್ಲೂಕಿನ ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆ. ಬಗರ್‌ಹುಕುಂ ಅರ್ಜಿಯನ್ನೇ ತೆಗೆದುಕೊಳ್ಳಿ. ಅರ್ಜಿ, ಸರ್ವೆ ನಕ್ಷೆ, ಸ್ಥಳ ಪರಿಶೀಲನೆ ವರದಿ ಎಲ್ಲ ತಹಶೀಲ್ದಾರ್ ಕಚೇರಿಯಲ್ಲಿ ಸಿದ್ಧವಾಗಬೇಕು. ಮಂಜೂರಿಗೆ ಸಮಿತಿ ಸೇರಬೇಕು. ತಾಲ್ಲೂಕಿನ ಹೆಚ್ಚಿನ ಭಾಗ ಒಬ್ಬ ಶಾಸಕರದು, ಒಂದು ಹೋಬಳಿ ಮಾತ್ರ ಇನ್ನೊಬ್ಬರದು ಆದರೆ, ಆ ಒಂದು ಹೋಬಳಿಗಾಗಿ ಎರಡನೇ ಶಾಸಕರ ದಿನಾಂಕ, ಅಧಿಕಾರಿಗಳ ದಿನಾಂಕ ಎರಡೂ ಕೂಡಿ ಬರಬೇಕು. ಹೋಬಳಿಯ ಓಟು ಕ್ಷೇತ್ರದ ಹತ್ತರಲ್ಲಿ ಒಂದು ಪಾಲೂ ಇಲ್ಲದಿದ್ದರೆ ಆ ದಿನಾಂಕ ಬೇಗ ಸಿಗುವುದಿಲ್ಲ. ಯಾರ ಕೆಟ್ಟತನವೂ ಬೇಕಿಲ್ಲ, ವ್ಯವಸ್ಥೆಯೇ ಹಾಗೆ ಕೂತಿದೆ.

ಇದಕ್ಕೆ ಸೇರಿಸಿ 371(ಜೆ), ಅಂದರೆ ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲು ಕೊಡುವ ಸಂವಿಧಾನದ ವಿಧಿ. ಅದರ ಸೌಲಭ್ಯ ಸಿಗುವುದು ಕಂದಾಯ ಜಿಲ್ಲೆ ನೋಡಿ, ವಿಧಾನಸಭಾ ಕ್ಷೇತ್ರ ನೋಡಿ ಅಲ್ಲ. ಸ್ಥಳೀಯ ವ್ಯಕ್ತಿ ಪ್ರಮಾಣಪತ್ರ ಕೊಡುವುದು ಉಪವಿಭಾಗಾಧಿಕಾರಿ. ಅರಸೀಕೆರೆಯ ಹುಡುಗನಿಗೆ ಆ ಹಕ್ಕು ಇದೆ, ಅದೇ ಕ್ಷೇತ್ರದ ಓಟುದಾರ ಜಗಳೂರು ತಾಲ್ಲೂಕಿನ ಹುಡುಗನಿಗೆ ಇಲ್ಲ. ಒಬ್ಬರೇ ಶಾಸಕರು ಎರಡು ಬಗೆಯ ನಿಯಮಕ್ಕೆ ಉತ್ತರ ಕೊಡಬೇಕು.

ನೀವು ಒಬ್ಬರೇ ಅಲ್ಲ ಎಂಬುದಕ್ಕೆ ಇನ್ನೂ ಹೆಸರುಗಳು: ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಮೊಳಕಾಲ್ಮೂರು ಕ್ಷೇತ್ರಕ್ಕೆ, ಚಿತ್ರದುರ್ಗ ತಾಲ್ಲೂಕಿನ ತುರುವನೂರು ಚಳ್ಳಕೆರೆ ಕ್ಷೇತ್ರಕ್ಕೆ, ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣ ಮಾಯಕೊಂಡ ಕ್ಷೇತ್ರಕ್ಕೆ.

ಹೊನ್ನಾಳಿ ದಂಡೆ:

ಪ್ರತಿನಿಧಿಗಳ ಕಡೆಯಿಂದಲೂ ನೋಡಬೇಕು. ಮೇಲಿನವರು ಗಡಿಯ ಬಗ್ಗೆ ಬರೆದರು, ನಮ್ಮ ಕಡೆ ರಾಜಕೀಯವನ್ನು ಹೆಚ್ಚು ಅಲುಗಿಸಿದ್ದು ಗಡಿಗಿಂತ ಮೀಸಲಾತಿ.

2008ರಲ್ಲಿ ರಾಜ್ಯದ ಪರಿಶಿಷ್ಟ ಪಂಗಡದ ಸ್ಥಾನ 2ರಿಂದ 15ಕ್ಕೆ ಏರಿತು, ಪರಿಶಿಷ್ಟ ಜಾತಿಯದು 33ರಿಂದ 36ಕ್ಕೆ. ಹಳೆಯದು 1971ರ ಜನಗಣತಿಯ ಲೆಕ್ಕ. 1991ರಲ್ಲಿ ನಾಯಕ, ಬೇಡ, ವಾಲ್ಮೀಕಿ ಹೆಸರುಗಳು ಪಂಗಡದ ಪಟ್ಟಿಗೆ ಸೇರಿದ್ದವು. 2001ರ ಗಣತಿಯಲ್ಲಿ ಪಂಗಡದ ಪಾಲು ಶೇ 6.5ರ ಮೇಲೆ ಬಂತು, 224ಕ್ಕೆ ಅದು 15. ಇದು ದಶಕಗಳ ಹಿಂದೆಯೇ ಸಿಗಬೇಕಿದ್ದ ಪಾಲು, ತಡವಾಗಿ ಬಂತು ಅಷ್ಟೆ. ಪಂಗಡದ ಸ್ಥಾನ ಎಲ್ಲಿ ಅವರ ಪ್ರಮಾಣ ಅತಿ ಹೆಚ್ಚೋ ಅಲ್ಲಿಗೆ ಹೋಗುತ್ತದೆ. ಹಾಗಾಗಿ ಮೊಳಕಾಲ್ಮೂರು, ಚಳ್ಳಕೆರೆ, ಜಗಳೂರು ಒಂದಕ್ಕೊಂದು ಅಂಟಿಕೊಂಡ ಮೂರೂ ಪಂಗಡದ ಕ್ಷೇತ್ರಗಳಾದವು. ಪರಿಶಿಷ್ಟ ಜಾತಿಯ ಸ್ಥಾನಕ್ಕೆ ನಿಯಮ ಬೇರೆ: ಪ್ರಮಾಣ ಹೆಚ್ಚಿರಬೇಕು, ಜೊತೆಗೆ ರಾಜ್ಯದ ಬೇರೆ ಬೇರೆ ಭಾಗಕ್ಕೆ ಹರಡಿರಬೇಕು. ಹಿರಿಯೂರು ಸಾಮಾನ್ಯವಾಯಿತು, ಹೊಳಲ್ಕೆರೆ ಮತ್ತು ಮಾಯಕೊಂಡ ಮೀಸಲಾದವು, ಚಿತ್ರದುರ್ಗ ಲೋಕಸಭೆಯೂ ಮೀಸಲಾಯಿತು.

ಇದರ ಪರಿಣಾಮ ಅದೇ ವರ್ಷದ ಮೇ ಚುನಾವಣೆಯಲ್ಲೇ ಕಂಡಿತು. ಹೊಸ ಗಡಿಯ ಮೇಲೆ ದೇಶದಲ್ಲಿ ಮೊದಲು ನಡೆದ ವಿಧಾನಸಭಾ ಚುನಾವಣೆ ಕರ್ನಾಟಕದ್ದು. ಆದೇಶಕ್ಕೆ ರಾಷ್ಟ್ರಪತಿ ಒಪ್ಪಿಗೆ ಬಿದ್ದದ್ದು ಫೆಬ್ರುವರಿ 19ಕ್ಕೆ, ಮತದಾನ ಮೇ ತಿಂಗಳಲ್ಲಿ. ಚಳ್ಳಕೆರೆಯ ಶಾಸಕರಾಗಿದ್ದ ಡಿ. ಸುಧಾಕರ್ ಹಿರಿಯೂರಿಗೆ ಹೋಗಿ ಪಕ್ಷೇತರರಾಗಿ ಗೆದ್ದರು. ಮಾಯಕೊಂಡದಲ್ಲಿ ಬೇರುಬಿಟ್ಟಿದ್ದ ಎಸ್.ಎ. ರವೀಂದ್ರನಾಥ್ ದಾವಣಗೆರೆ ಉತ್ತರಕ್ಕೆ ಬಂದು ಗೆದ್ದರು. ಹಣ, ಹೆಸರು, ಪಕ್ಷದ ಹಿಡಿತ ಇದ್ದವರು ದಾಟಿಕೊಂಡರು. ನಿಜವಾಗಿ ಪೆಟ್ಟು ತಿಂದದ್ದು ಎರಡನೇ ಸಾಲಿನವರು: ಜಿಲ್ಲಾ ಪಂಚಾಯ್ತಿ ಸದಸ್ಯರು, ಹೋಬಳಿ ಮಟ್ಟದ ಕಾರ್ಯಕರ್ತರು. ಇಪ್ಪತ್ತು ವರ್ಷ ಒಂದು ತಾಲ್ಲೂಕಿನಲ್ಲಿ ಕಟ್ಟಿದ ಸಂಬಂಧ ಅರ್ಧ ಆ ಕಡೆ, ಅರ್ಧ ಈ ಕಡೆ ಆದರೆ ಅವರಿಗೆ ಟಿಕೆಟ್ ಕೇಳುವ ನೆಲವೇ ಉಳಿಯುವುದಿಲ್ಲ.

ಗಡಿ ಬದಲಾಗುತ್ತದೆ ಎಂಬ ಸುದ್ದಿ ಹಬ್ಬಿದಾಗಿನಿಂದಲೇ ಅಂಚಿನ ಹಳ್ಳಿಗಳ ಕೆಲಸ ಹಿಂದೆ ಬೀಳುವ ಅಪಾಯವೂ ಇದೆ. ಮುಂದಿನ ಸಲ ತಮ್ಮ ಕ್ಷೇತ್ರದಲ್ಲಿ ಇರುತ್ತದೋ ಇಲ್ಲವೋ ಗೊತ್ತಿಲ್ಲದ ಹಳ್ಳಿಗೆ ಶಾಸಕರ ನಿಧಿಯ ಎರಡು ಕೋಟಿಯಲ್ಲಿ ಪಾಲು ಕೊನೆಗೆ ಬರುತ್ತದೆ. ಮರುವಿಂಗಡಣೆಯ ಕರಡು ಹೊರಬಿದ್ದ ವರ್ಷ ನಿಮ್ಮ ಹಳ್ಳಿಗಳ ಕ್ರಿಯಾ ಯೋಜನೆಯನ್ನು ಕಣ್ಣಿಟ್ಟು ನೋಡಿ.

ಕೆರೆಏರಿ:

ಬಹಳ ಉಪಕಾರ. ಹಳೇ ಕ್ಷೇತ್ರ ಕೇಳುವುದನ್ನು ಬಿಟ್ಟೆವು. ಹೋಬಳಿಯನ್ನು ಚಿತ್ರದುರ್ಗ ಕ್ಷೇತ್ರಕ್ಕೆ ಸೇರಿಸಿ ಎಂದು ಕೇಳುವುದಾದರೆ ಮನವಿ ಹೇಗಿರಬೇಕು? ಗ್ರಾಮ ಪಂಚಾಯ್ತಿಗಳಿಂದ ಠರಾವು ಮಾಡಿಸಿ, ಸಾವಿರಾರು ಸಹಿ ಹಾಕಿಸಿ ಕಳಿಸಿದರೆ ಸಾಕೇ?

ನಕ್ಷೆಗಣಿತ:

ಸಾಲದು. ಸಹಿ ಎಷ್ಟಿದೆ ಎಂದು ಎಣಿಸಿ ಗೆರೆ ಎಳೆಯುವುದಿಲ್ಲ. 2002ರ ಮರುವಿಂಗಡಣೆ ಕಾಯ್ದೆಯ 9ನೇ ಕಲಂ ಹೇಳುವ ಭಾಷೆಯಲ್ಲೇ ನಿಮ್ಮ ಮನವಿ ಇರಬೇಕು. ಕ್ಷೇತ್ರ ಭೌಗೋಳಿಕವಾಗಿ ಒತ್ತಾಗಿರಬೇಕು. ಭೂಮಿಯ ಲಕ್ಷಣ, ಈಗಿರುವ ಆಡಳಿತ ಘಟಕಗಳ ಗಡಿ, ಸಂಪರ್ಕ, ಜನರ ಅನುಕೂಲ ಇವನ್ನು ಗಮನಿಸಬೇಕು. ನೀವು ಕೇಳಿದ ತಾಲ್ಲೂಕು ಒಡೆಯಬೇಡಿ ಎಂಬುದಕ್ಕೆ ಜಾಗ ಅಲ್ಲೇ ಇದೆ, ಆಡಳಿತ ಘಟಕಗಳ ಗಡಿ ಎಂಬ ಮಾತಿನಲ್ಲಿ. ಆದರೆ ಅದು "ಸಾಧ್ಯವಾದಷ್ಟು" ಎಂಬ ಪದದ ಜೊತೆ ಬರುತ್ತದೆ. ಜನಸಂಖ್ಯೆ ಹೊಂದದಿದ್ದರೆ ಉಳಿದದ್ದೆಲ್ಲ ಬಿದ್ದುಹೋಗುತ್ತದೆ.

ಮೊದಲು ಕೋಷ್ಟಕ. ಜನಗಣತಿಯ ಪ್ರಾಥಮಿಕ ಸಾರದಲ್ಲಿ ಹಳ್ಳಿವಾರು ಅಂಕಿ ಸಿಗುತ್ತದೆ. ಹಳ್ಳಿಯ ಕೋಡ್, ಹೆಸರು, ಗ್ರಾಮ ಲೆಕ್ಕಿಗರ ವೃತ್ತ, ಒಟ್ಟು ಜನ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹೀಗೆ ಆರು ಕಾಲಂ ಹಾಕಿ ಹೋಬಳಿಯ ಎಲ್ಲ ಹಳ್ಳಿ ಬರೆಯಿರಿ. ಹೆಸರಿನ ಜೊತೆ ಕೋಡ್ ಇರಲೇಬೇಕು. ಒಂದೇ ಹೆಸರಿನ ಎರಡು ಮೂರು ಹಳ್ಳಿ ನಮ್ಮ ಜಿಲ್ಲೆಯಲ್ಲಿ ಸಾಮಾನ್ಯ. ವೃತ್ತವನ್ನು ಒಡೆದು ಅರ್ಧ ಕೇಳಬೇಡಿ.

ಗೊಲ್ಲರಹಟ್ಟಿ, ತಾಂಡಾಗಳಲ್ಲಿ ಎಚ್ಚರ. ಈಚೆಗೆ ಎಷ್ಟೋ ಹಟ್ಟಿ, ತಾಂಡಾಗಳು ಕಂದಾಯ ಗ್ರಾಮಗಳಾಗಿವೆ. ಹಳೇ ಗಣತಿಯಲ್ಲಿ ಅವುಗಳ ಜನ ಮೂಲ ಹಳ್ಳಿಯ ಲೆಕ್ಕದಲ್ಲೇ ಇದ್ದಾರೆ. ಹೊಸ ಹೆಸರನ್ನು ಬೇರೆ ಸಾಲಿನಲ್ಲಿ ಬರೆದು ಜನಸಂಖ್ಯೆ ಅಂದಾಜಿನಲ್ಲಿ ತುಂಬಿದರೆ ಕೋಷ್ಟಕದ ಮೊತ್ತ ಗಣತಿಯ ಮೊತ್ತಕ್ಕೆ ತಾಳೆ ಆಗುವುದಿಲ್ಲ. ಅಲ್ಲಿಗೆ ನಿಮ್ಮ ಇಡೀ ಕಾಗದದ ಮೇಲಿನ ನಂಬಿಕೆ ಹೋಯಿತು.

ಬೇಚರಾಕ್ (ಜನವಸತಿ ಇಲ್ಲದ) ಗ್ರಾಮಗಳನ್ನು ಬಿಡಬೇಡಿ. ಜನ ಸೊನ್ನೆ ಎಂದು ಪಟ್ಟಿಯಿಂದ ತೆಗೆದರೆ ನಕ್ಷೆಯಲ್ಲಿ ಅಲ್ಲೊಂದು ತೂತು ಬೀಳುತ್ತದೆ. ಎರಡು ಹಳ್ಳಿಗಳನ್ನು ಜೋಡಿಸುವ ನೆಲ ಬೇಚರಾಕ್ ಗ್ರಾಮದ್ದೇ ಆಗಿದ್ದರೆ, ಅದು ಇಲ್ಲದೆ ನಿಮ್ಮ ಹಳ್ಳಿ ದ್ವೀಪವಾಗುತ್ತದೆ, ಸಲಹೆ ತಿರಸ್ಕಾರವಾಗುತ್ತದೆ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಿಡಿದು ಗ್ರಾಮದ ಗಡಿ ಎಲ್ಲಿ ಯಾವುದಕ್ಕೆ ತಾಗುತ್ತದೆ ಎಂದು ಒಂದೊಂದಾಗಿ ನೋಡಿಕೊಳ್ಳಿ. ಹಾಗೆಯೇ ನಕ್ಷೆಯಲ್ಲಿ ಅಂಟಿಕೊಂಡದ್ದೆಲ್ಲ ರಸ್ತೆಯಲ್ಲಿ ಹತ್ತಿರವಲ್ಲ. ಜೋಗಿಮಟ್ಟಿಯಂಥ ಕಾಡು ಅಡ್ಡ ಬಂದರೆ ಸುತ್ತಿ ಹೋಗಬೇಕು. ಬಸ್ ದಾರಿಯ ಕಿಲೋಮೀಟರನ್ನು ಹಳ್ಳಿಯಿಂದ ಎರಡೂ ಕೇಂದ್ರಗಳಿಗೆ ಅಳೆದು ಬರೆಯಿರಿ, ಅದು "ಸಂಪರ್ಕ" ಎಂಬ ಪದಕ್ಕೆ ಪುರಾವೆ.

ಆಮೇಲೆ ಎಲ್ಲಕ್ಕಿಂತ ಮುಖ್ಯವಾದದ್ದು, ಕೊಡು-ಕೊಳ್ಳು ಲೆಕ್ಕ. ಬಹುತೇಕ ಮನವಿ ಬೀಳುವುದು ಇಲ್ಲೇ. ಎಲ್ಲರೂ ತಮ್ಮ ಹಳ್ಳಿ ಎಲ್ಲಿಗೆ ಹೋಗಬೇಕು ಎಂದಷ್ಟೇ ಬರೆಯುತ್ತಾರೆ, ಅದರಿಂದ ಉಂಟಾಗುವ ಏರುಪೇರನ್ನು ಯಾರು ತುಂಬಬೇಕು ಎಂದು ಬರೆಯುವುದಿಲ್ಲ. ಕಳೆದ ಆಯೋಗ ಸರಾಸರಿಯಿಂದ ಮೇಲೆ ಕೆಳಗೆ ಶೇ 10ರ ಒಳಗೆ ಎಂಬ ಅಳತೆ ಇಟ್ಟುಕೊಂಡಿತ್ತು. ಬರೀ ಉದಾಹರಣೆಗೆ ಅಂಕಿ ಹಾಕುತ್ತೇನೆ. ಸರಾಸರಿ 2.70 ಲಕ್ಷ ಎಂದಿಟ್ಟುಕೊಳ್ಳಿ, ಮಿತಿ 2.43ರಿಂದ 2.97. ಕರಡಿನಲ್ಲಿ ಹೊಳಲ್ಕೆರೆ 2.85, ಚಿತ್ರದುರ್ಗ 2.80 ಇದೆ. ನೀವು 22 ಸಾವಿರ ಜನರ ಹಳ್ಳಿಗಳನ್ನು ಚಿತ್ರದುರ್ಗಕ್ಕೆ ಹಾಕಿ ಎನ್ನುತ್ತೀರಿ. ಹೊಳಲ್ಕೆರೆ 2.63 ಆಯಿತು, ಸರಿ. ಚಿತ್ರದುರ್ಗ 3.02 ಆಯಿತು, ಮಿತಿ ದಾಟಿತು. ಇಷ್ಟಕ್ಕೇ ನಿಲ್ಲಿಸಿದರೆ ಮನವಿ ಅಲ್ಲಿಗೇ ಮುಗಿಯಿತು. ಚಿತ್ರದುರ್ಗದ ಇನ್ನೊಂದು ಅಂಚಿನಿಂದ 8 ಸಾವಿರದ ಒಂದು ವೃತ್ತವನ್ನು ಪಕ್ಕದ ಮೂರನೇ ಕ್ಷೇತ್ರಕ್ಕೆ ಕೊಡಿ ಎಂದು ನೀವೇ ತೋರಿಸಿದರೆ ಅದು 2.94ಕ್ಕೆ ಇಳಿಯುತ್ತದೆ. ಆ ಮೂರನೇ ಕ್ಷೇತ್ರವೂ ಮಿತಿಯಲ್ಲಿದೆ ಎಂದು ತೋರಿಸಿ. ಆ 8 ಸಾವಿರ ಜನರ ಪಂಚಾಯ್ತಿಯನ್ನೂ ಮೊದಲೇ ಮಾತಾಡಿಸಿ. ಇಲ್ಲದಿದ್ದರೆ ನಿಮ್ಮ ಮನವಿಗೆ ಎದುರಾಗಿ ಅವರದೇ ಆಕ್ಷೇಪಣೆ ಬರುತ್ತದೆ.

ಈ ಅದಲುಬದಲಿನಿಂದ ಮೂರೂ ಕ್ಷೇತ್ರಗಳ ಪರಿಶಿಷ್ಟರ ಶೇಕಡಾವಾರು ಎಷ್ಟು ಬದಲಾಗುತ್ತದೆ ಎಂಬುದನ್ನೂ ಒಂದು ಸಾಲಿನಲ್ಲಿ ಕೊಡಿ. ಮೀಸಲಾತಿ ತಪ್ಪಿಸುವ ಉದ್ದೇಶದ ಮನವಿ ಎಂಬ ಅನುಮಾನ ಬಂದರೆ ಮುಂದೆ ಹೋಗುವುದಿಲ್ಲ. ಅಂಥ ಉದ್ದೇಶ ಇರಲೂಬಾರದು.

ಕಾಗದ ಹೋಗಬೇಕಾದದ್ದು ಮರುವಿಂಗಡಣಾ ಆಯೋಗದ ಕಾರ್ಯದರ್ಶಿಗೆ, ಕರಡು ರಾಜ್ಯಪತ್ರದಲ್ಲಿ ಮತ್ತು ಪತ್ರಿಕೆಗಳಲ್ಲಿ ಪ್ರಕಟವಾದ ಮೇಲೆ, ಅದರಲ್ಲಿ ಹೇಳಿದ ದಿನಾಂಕದ ಒಳಗೆ. ಜಿಲ್ಲಾಧಿಕಾರಿಗೆ ಕೊಟ್ಟು ಸುಮ್ಮನಾಗಬೇಡಿ. ಕನ್ನಡದ ಜೊತೆ ಇಂಗ್ಲಿಷ್ ಪ್ರತಿಯೂ ಇರಲಿ. ಠರಾವಿನಲ್ಲಿ ಶಾಸಕರ, ಪಕ್ಷದ ಹೆಸರು ಬರಬಾರದು. ನಡಾವಳಿಯ ಪ್ರತಿಗೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ದೃಢೀಕರಣ ಬೇಕು. ಆಯೋಗದ ಜೊತೆ ರಾಜ್ಯದ 5 ಸಂಸದರು, 5 ಶಾಸಕರು ಸಹ ಸದಸ್ಯರಾಗಿ ಕೂರುತ್ತಾರೆ. ಅವರಿಗೆ ಮತ ಹಾಕುವ ಹಕ್ಕಿಲ್ಲ, ಆದರೆ ಅವರ ಭಿನ್ನ ಸಲಹೆ ಕರಡಿನ ಜೊತೆಯೇ ಪ್ರಕಟವಾಗುತ್ತದೆ. ಕರಡು ಬರುವುದಕ್ಕೆ ಮುಂಚೆಯೇ ನಿಮ್ಮ ಕೋಷ್ಟಕ ಅವರಲ್ಲೊಬ್ಬರ ಕೈ ಸೇರಿದರೆ ಅರ್ಧ ಕೆಲಸ ಆದ ಹಾಗೆ. ಬಹಿರಂಗ ಸಭೆಯಲ್ಲಿ ಮಾತಿಗೆ ಸಿಗುವುದು ಕೆಲವೇ ನಿಮಿಷ. ಇತಿಹಾಸ ಹೇಳಲು ಹೋಗಬೇಡಿ, ಕೊಡು-ಕೊಳ್ಳು ಲೆಕ್ಕದ ಒಂದು ಹಾಳೆ ಮುಂದಿಡಿ.

ಅಂತಿಮ ಆದೇಶ ಬಂದ ಮೇಲೆ ನ್ಯಾಯಾಲಯದ ದಾರಿ ಬಹಳ ಕಿರಿದು. ಸಂವಿಧಾನದ 329ನೇ ವಿಧಿ ಅಡ್ಡ ಇದೆ, 1966ರ ಮೇಘರಾಜ್ ಕೊಠಾರಿ ತೀರ್ಪು ಅದನ್ನು ಗಟ್ಟಿ ಮಾಡಿತು. 2024ರಲ್ಲಿ ಸುಪ್ರೀಂ ಕೋರ್ಟ್, ಆದೇಶ ಎದ್ದು ಕಾಣುವಷ್ಟು ಮನಸೋಇಚ್ಛೆಯದಾಗಿದ್ದರೆ ಪರಿಶೀಲಿಸಬಹುದು ಎಂದಿದೆ. ಒಂದು ಹೋಬಳಿಗೆ ಅನಾನುಕೂಲ ಆಯಿತು ಎಂಬುದು ಆ ಮಟ್ಟಕ್ಕೆ ಹೋಗುವುದಿಲ್ಲ. ಕರಡಿನ ಹಂತವೇ ನಿಮ್ಮ ಅವಕಾಶ.

ಅರಸೀಕೆರೆ ಹೋಬಳಿ:

ಎರಡು ಮಾತು ಸೇರಿಸುತ್ತೇನೆ. ತಾಲ್ಲೂಕು, ಜಿಲ್ಲಾ ಪಂಚಾಯ್ತಿ ಕ್ಷೇತ್ರಗಳ ವಿಂಗಡಣೆ ಇದಕ್ಕೆ ಸಂಬಂಧವಿಲ್ಲ. ಅವುಗಳ ಅವಧಿ 2021ರಲ್ಲೇ ಮುಗಿದಿದೆ. ಅದೇ ವರ್ಷ ಸರ್ಕಾರ ಕಾಯ್ದೆ ತಿದ್ದಿ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿತು. ದೆಹಲಿಯ ಆಯೋಗಕ್ಕೆ ಹೋಗುವ ಮನವಿಯಲ್ಲಿ ಜಿಲ್ಲಾ ಪಂಚಾಯ್ತಿ ಗೋಳು ಬೆರೆಸಿದರೆ ಎರಡೂ ಕೆಡುತ್ತವೆ.

ಇನ್ನೊಂದು, ಗಡಿ ಬದಲಾದ ಮೇಲೆ ಮೊದಲ ಚುನಾವಣೆಯಲ್ಲಿ ಅಂಚಿನ ಹಳ್ಳಿಗಳವರ ಹೆಸರು ತಪ್ಪುವ ಸಾಧ್ಯತೆ ಹೆಚ್ಚು. ಗುರುತಿನ ಚೀಟಿಯ ಸಂಖ್ಯೆ ಅದೇ ಇರುತ್ತದೆ; ಕ್ಷೇತ್ರ ಸಂಖ್ಯೆ, ಭಾಗ ಸಂಖ್ಯೆ, ಕೆಲವೊಮ್ಮೆ ಮತಗಟ್ಟೆ ಬದಲಾಗುತ್ತವೆ. ಕರಡು ಮತದಾರರ ಪಟ್ಟಿ ಬಂದ ದಿನವೇ ಹಳ್ಳಿಯ ಹಳೇ ಭಾಗದ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಮನೆ ನಂಬರ್ ಪ್ರಕಾರ ತಾಳೆ ನೋಡಿ. ಮುಖ್ಯ ಹಳ್ಳಿಯ ಪಟ್ಟಿ ಸರಿಯಾಗಿ ಹೋಗಿ ಅದರ ಹಟ್ಟಿಯದು ಹಳೇ ಕ್ಷೇತ್ರದಲ್ಲೇ ಉಳಿದಿದ್ದರೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಒಬ್ಬರಿಂದ ಸರಿಯಾಗುವುದಿಲ್ಲ, ಎರಡೂ ಕ್ಷೇತ್ರಗಳ ಮತದಾರರ ನೋಂದಣಾಧಿಕಾರಿಗಳಿಗೆ ಒಂದೇ ದಿನ ಬರೆದುಕೊಡಿ, ಸ್ವೀಕೃತಿ ತೆಗೆದುಕೊಳ್ಳಿ.